ಮದ್ದಿಲ್ಲದ ಪಂಪು

ನಾನು ಒಂದು ಸಿರಿಂಜ್ ಪಂಪು. ಅಂಗೈಗಿಂತ ತುಸು ಉದ್ದ, ಬೂದು ಬಣ್ಣ, ಹೊಟ್ಟೆಯಲ್ಲೊಂದು ಬ್ಯಾಟರಿ. ನನ್ನನ್ನು ಮೊದಲ ಬಾರಿ ನೋಡಿದವರು ಹಳೆಯ ರೇಡಿಯೋ ಅಂದುಕೊಳ್ಳುವುದುಂಟು. ನೋವಿನ ಮದ್ದು ತುಂಬಿದ ಸಿರಿಂಜನ್ನು ನನ್ನ ಎದೆಯ ಮೇಲೆ ಮಲಗಿಸುತ್ತಾರೆ. ಒಂದು ಹಗಲು, ಒಂದು ರಾತ್ರಿ ನಾನು ಅದನ್ನು ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಒತ್ತುತ್ತಾ ಹೋಗುತ್ತೇನೆ. ಮದ್ದು ಸಪೂರ ನಳಿಗೆಯಲ್ಲಿ ಹರಿದು ರೋಗಿಯ ಚರ್ಮದಡಿ ಸೇರುತ್ತದೆ. ಇನ್ನು ಗುಣವಾಗುವುದಿಲ್ಲ ಎಂದು ಗೊತ್ತಾದವರು, ಮಾತ್ರೆ ನುಂಗಲೂ ಶಕ್ತಿಯಿಲ್ಲದವರು ನರಳದೆ ಹೋಗಲಿ ಎಂದೇ ನನ್ನನ್ನು ಮಾಡಿದ್ದು.

ನಾನು ಹುಟ್ಟಿದ್ದು ಇಂಗ್ಲೆಂಡಿನ ಒಂದು ಕಾರ್ಖಾನೆಯಲ್ಲಿ. ಅಲ್ಲಿಂದ ಐರ್ಲೆಂಡಿನ ಪಶ್ಚಿಮ ಕರಾವಳಿಯ ಒಂದು ವೃದ್ಧಾಶ್ರಮಕ್ಕೆ ಹೋದೆ. ಪೆಟ್ಟಿಗೆ ಬಿಚ್ಚಿ ನನ್ನನ್ನು ಹೊರತೆಗೆದ ಕೈ ಮಂಗಳೂರಿನದು. ಹಿಲ್ಡಾ ಕ್ರಾಸ್ತಾ, ಬಜ್ಪೆಯವಳು. ಗಟ್ಟಿ ದನಿ, ಚುರುಕು ನಡಿಗೆ, ಸಿಟ್ಟು ಬಂದರೆ ಮೂಗಿನ ತುದಿ ಕೆಂಪಾಗುತ್ತಿತ್ತು. ಅದು ಆಗಾಗ ಕೆಂಪಾಗುವುದನ್ನು ನಾನು ಆಮೇಲೆ ಎಷ್ಟೋ ವರ್ಷ ಕೆಳಗಿನಿಂದ ನೋಡಿದೆ.

ಅಲ್ಲಿ ನನಗೆ ಸಿಕ್ಕ ಮೊದಲ ರೋಗಿ ನೋರಾ ಎಂಬ ಅಜ್ಜಿ. ಒಂದು ಕಾಲದಲ್ಲಿ ಬೇಕರಿ ನಡೆಸಿದವಳು. ಹೊಟ್ಟೆಯ ಕ್ಯಾನ್ಸರ್. ಅವಳು ಮಗಳ ಎದುರೇ ಹಿಲ್ಡಾಳಿಗೆ ಹೇಳಿಬಿಟ್ಟಿದ್ದಳು, "ನನ್ನನ್ನು ಆ್ಯಂಬುಲೆನ್ಸಿಗೆ ಹತ್ತಿಸಬೇಡ. ಈ ಕಿಟಕಿ ಬಿಟ್ಟು ನಾನೆಲ್ಲಿಗೂ ಹೋಗುವುದಿಲ್ಲ." ಡಾಕ್ಟರು ಮದ್ದನ್ನು ಮುಂಚೆಯೇ ಬರೆದಿಟ್ಟಿದ್ದರು. ನಾನು ಅವಳ ದಿಂಬಿನ ಪಕ್ಕ ಮಲಗಿ ಒತ್ತಿದೆ. ಮುಖದ ಗಂಟು ಸಡಿಲಾಯಿತು. ಕೊನೆಯ ಮಧ್ಯಾಹ್ನ ಅವಳೂ ಮಗಳೂ ಯಾರದೋ ಮದುವೆಯ ಕೇಕು ಕಾರಿನಲ್ಲೇ ಕುಸಿದುಬಿದ್ದ ಕತೆ ಹೇಳಿಕೊಂಡು ನಕ್ಕರು. ನನ್ನ ಜೀವನ ಹೀಗೆಯೇ ಇರುತ್ತದೆ ಎಂದು ಆಗ ಅಂದುಕೊಂಡಿದ್ದೆ.

ಹಾಗಾಗಲಿಲ್ಲ. ಮೇಷ್ಟರಾಗಿದ್ದ ಡಫಿ ಎಂಬ ಮುದುಕನಿಗೆ ಮರೆವಿನ ಕಾಯಿಲೆ ಕೊನೆಯ ಹಂತ ತಲುಪಿತ್ತು. ಕೊನೆಗಾಲದಲ್ಲಿ ಏನು ಮಾಡಬೇಕು ಎಂದು ಅವನ ಮಕ್ಕಳ ಹತ್ತಿರ ಮಾತಾಡೋಣ ಎಂದು ಹಿಲ್ಡಾ ಎಷ್ಟು ಸಲ ಕೇಳಿದರೂ ಆಶ್ರಮದ ಮೇಲ್ವಿಚಾರಕಿ, "ಈಗಲೇ ಯಾಕೆ? ಗಾಬರಿಯಾಗುತ್ತಾರೆ" ಎಂದು ಮುಂದೂಡಿದಳು. ಒಂದು ಶನಿವಾರ ಡಫಿಗೆ ಉಸಿರು ಸಿಕ್ಕಿಕೊಂಡಿತು. ವಾರದ ಕೊನೆಗೆ ಬದಲಿಯಾಗಿ ಬಂದ ಡಾಕ್ಟರು ಅವನ ಮುಖವನ್ನೇ ನೋಡಿರಲಿಲ್ಲ. "ಏನೂ ನಿರ್ಧಾರವಾಗಿಲ್ಲವಲ್ಲ, ಆಸ್ಪತ್ರೆಗೆ ಕಳಿಸಿ" ಎಂದರು. ಹಿಲ್ಡಾ ವಾದಿಸಿದಳು, ಬೇಡಿಕೊಂಡಳು. ನಾನು ಪಕ್ಕದ ಕೋಣೆಯ ಕಪಾಟಿನಲ್ಲಿದ್ದೆ. ಮದ್ದೂ ಇತ್ತು. ಬರೆದುಕೊಡುವ ಕೈ ಇರಲಿಲ್ಲ. ಡಫಿ ದೊಡ್ಡ ಆಸ್ಪತ್ರೆಯ ಪಡಸಾಲೆಯಲ್ಲಿ, ತಳ್ಳುಗಾಡಿಯ ಮೇಲೆ, ಗುರುತಿಲ್ಲದವರ ನಡುವೆ ಸತ್ತನಂತೆ.

ಆ ಸುದ್ದಿ ಬಂದ ದಿನ ಹಿಲ್ಡಾ ಔಷಧಿ ಕೋಣೆಯೊಳಗೆ ಬಂದು ಬಾಗಿಲು ಹಾಕಿಕೊಂಡು ಕೊಂಕಣಿಯಲ್ಲಿ ಬೈದಳು. ಯಾರನ್ನು ಎಂದು ಅವಳಿಗೂ ಗೊತ್ತಿರಲಿಲ್ಲ.

ಕೆಲವು ವರ್ಷಗಳ ನಂತರ ಅಲ್ಲಿಗೆ ಹೊಸ ಮಾದರಿಯ ಪಂಪುಗಳು ಬಂದವು. ಅದೇ ಹೊತ್ತಿಗೆ ಹಿಲ್ಡಾ ಊರಿಗೆ ಮರಳುವ ತೀರ್ಮಾನ ಮಾಡಿದ್ದಳು. ಮುಲ್ಕಿ ಹತ್ತಿರ ಒಂದು ಟ್ರಸ್ಟಿನವರು ನಡೆಸುವ ಹಿರಿಯರ ಆಶ್ರಮದಲ್ಲಿ ಹಾಸಿಗೆ ಹಿಡಿದವರಿಗೆಂದೇ ಒಂದು ವಿಭಾಗ ತೆರೆದಿದ್ದರು. ಅಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. "ಇದನ್ನು ನಾನು ತೆಗೆದುಕೊಳ್ಳಲೇ?" ಎಂದು ಮೇಲ್ವಿಚಾರಕಿಯನ್ನು ಕೇಳಿ ನನ್ನನ್ನು ಪಡೆದಳು. ಸ್ವೆಟರಿನಲ್ಲಿ ಸುತ್ತಿಕೊಂಡು ಸಮುದ್ರ ದಾಟಿದೆ.

ಮುಲ್ಕಿಯಲ್ಲಿ ನನಗೆ ಸಿಕ್ಕಿದ್ದು ಗಾಜಿನ ಬೀರು. ಬಂದವರಿಗೆಲ್ಲ ಮ್ಯಾನೇಜರ್ ರತ್ನಾಕರ ಸುವರ್ಣ ನನ್ನನ್ನು ತೋರಿಸುತ್ತಿದ್ದರು, "ಫಾರಿನ್ ಮೆಷಿನ್, ನಮ್ಮಲ್ಲಿ ಮಾತ್ರ ಉಂಟು." ಆಯುಧಪೂಜೆಗೆ ನನ್ನ ಹಣೆಗೆ ಕುಂಕುಮ ಹಚ್ಚಿದರು. ಕೆಲಸ ಮಾತ್ರ ಕೊಡಲಿಲ್ಲ. ಕೊಡುವುದಕ್ಕೆ ಅಫೀಮಿನಿಂದ ಮಾಡುವ ನೋವಿನ ಮದ್ದು ಮಾರ್ಫಿನ್ ಬೇಕು. ಮಾರ್ಫಿನ್ ಇಡುವುದಕ್ಕೆ ಸರಕಾರದ ಮಾನ್ಯತೆ ಬೇಕು.

"ಅರ್ಜಿ ಹಾಕುವ, ಸರ್," ಎಂದಳು ಹಿಲ್ಡಾ.

"ಬೇಡ ಸಿಸ್ಟರ್. ಅದು ಡ್ರಗ್ಸ್ ಅಲ್ವಾ? ನಾಳೆ ಪೊಲೀಸರು ಬಂದ್ರೆ ಉತ್ತರ ಕೊಡುದು ಯಾರು?"

"ನೋವಿಗೆ ಕೊಡುವ ಮದ್ದು ಮಾರಾಯ್ರೆ ಅದು!"

"ನೀವು ಹೇಳ್ತೀರಿ. ಟ್ರಸ್ಟಿನ ಅಧ್ಯಕ್ಷರಿಗೆ ಹೇಳುದು ಹೇಗೆ?"

ವಾರಕ್ಕೊಮ್ಮೆ ಬರುತ್ತಿದ್ದ ಡಾಕ್ಟರ್ ಉಡುಪರು ಒಳ್ಳೆಯವರು. ಆದರೆ ಅವರೂ ಕೈಚೆಲ್ಲಿದರು. "ನಾನು ಬರೆದು ಕೊಡಬಹುದು ಸಿಸ್ಟರ್. ಯಾವ ಮೆಡಿಕಲ್ಲಿನಲ್ಲಿ ಸಿಗ್ತದೆ ಹೇಳಿ? ನಾನೂ ಹುಡುಕಿ ಸುಸ್ತಾಗಿದ್ದೇನೆ."

ಆಗ ಬಂದವರು ಗುಲಾಬಿ ಟೀಚರ್. ಗುಲಾಬಿ ಬಂಗೇರ, ಹೈಸ್ಕೂಲಿನಲ್ಲಿ ಆಟ ಕಲಿಸಿದವರು. ಮದುವೆಯಾಗಿರಲಿಲ್ಲ. ಅವರು ತಯಾರು ಮಾಡಿದ ತ್ರೋಬಾಲ್ ತಂಡಗಳು ಜಿಲ್ಲೆಗೆಲ್ಲ ಪರಿಚಿತ. ಎದೆಯ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ಮಗ್ಗುಲು ಬದಲಿಸಿದರೆ ಸಾಕು, ಮೈದಾನದ ಆಚೆಗೂ ಕೇಳುತ್ತಿದ್ದ ಆ ದನಿ ಚೀರುತ್ತಿತ್ತು. ಆಯಾಗಳು ಸ್ನಾನ ಮಾಡಿಸಲು ಹೆದರಿದರು. ಉಳಿದ ಹಿರಿಯರು ಊಟದ ತಟ್ಟೆ ಹಿಡಿದುಕೊಂಡು ದೂರದ ಮೂಲೆಗೆ ಹೋದರು. ಕೊಡುತ್ತಿದ್ದ ಮಾತ್ರೆಗಳು ಆ ನೋವಿಗೆ ಯಾವ ಲೆಕ್ಕವೂ ಅಲ್ಲ.

"ಸಿಸ್ಟರ್, ಆ ಬೀರಿನಲ್ಲಿರುದು ಎಂತದು?" ಟೀಚರ್ ಒಂದು ದಿನ ನನ್ನತ್ತ ಬೆರಳು ತೋರಿಸಿದರು.

ಹಿಲ್ಡಾ ಹೇಳಿದಳು.

"ಹಾಗಾದ್ರೆ ಹಾಕಿ. ಯಾರನ್ನು ಕಾಯ್ತಾ ಇದ್ದೀರಿ?"

ಹಿಲ್ಡಾಳ ಮೂಗಿನ ತುದಿ ಕೆಂಪಾಯಿತು. ಮರುದಿನವೇ ಟೀಚರನ್ನು ಗಾಡಿಯಲ್ಲಿ ಮಲಗಿಸಿಕೊಂಡು ಪೇಟೆಯ ಆಸ್ಪತ್ರೆಯೊಂದರ ನೋವು ನಿವಾರಣಾ ವಿಭಾಗಕ್ಕೆ ಹೋದಳು. ರಸ್ತೆಯ ಪ್ರತಿ ಹೊಂಡಕ್ಕೂ ಟೀಚರ್ ಕೂಗಿದರಂತೆ. ಅಲ್ಲಿಯವರು ಪರೀಕ್ಷಿಸಿ ಮಾರ್ಫಿನ್ ಮಾತ್ರೆ ಕೊಟ್ಟರು. ಇಂಜೆಕ್ಷನ್ ಮಾತ್ರ ಕೊಡಲಾಗದು, ಮಾನ್ಯತೆ ಇಲ್ಲದ ಆಶ್ರಮದಲ್ಲಿ ಅದನ್ನು ಇಡುವ ಹಾಗಿಲ್ಲ ಎಂದರು.

ಮಾತ್ರೆ ಬಂದ ಮೇಲೆ ಟೀಚರ್ ಮತ್ತೆ ಟೀಚರಾದರು. ಜಗಲಿಯಲ್ಲಿ ದಿಂಬಿಗೆ ಒರಗಿ ಕೂತು ಆಯಾಗಳಿಗೆ, "ಬೆನ್ನು ಬಗ್ಗಿಸಿ ಎತ್ತಬೇಡಿ ಮಾರಾಯ್ತಿ, ಮೊಣಕಾಲು ಮಡಚಿ!" ಎಂದು ಗದರಿಸಿದರು. ಮೀನು ಸಾರು ಕೇಳಿ ಉಂಡರು. ಅವರನ್ನು ಕಂಡು ರತ್ನಾಕರರಿಗೂ ಆಶ್ಚರ್ಯ. ಹಿಲ್ಡಾ ಬಿಡಲಿಲ್ಲ, "ಸರ್, ಈಗಲಾದರೂ ಅರ್ಜಿ. ಇವರಿಗೆ ನುಂಗ್ಲಿಕ್ಕೆ ಆಗದ ದಿನ ಬರ್ತದೆ."

ರತ್ನಾಕರ ಅರೆಮನಸ್ಸಿನಿಂದ ಅರ್ಜಿ ಹಾಕಿದರು. ಹಿಲ್ಡಾ ಔಷಧ ನಿಯಂತ್ರಣದ ಸರಕಾರಿ ಕಚೇರಿಗೆ ಅಲೆದಳು. ಒಮ್ಮೆ ಸಾಹೇಬರು ಮೀಟಿಂಗಿನಲ್ಲಿದ್ದರು, ಇನ್ನೊಮ್ಮೆ ರಜೆಯಲ್ಲಿದ್ದರು, ಮತ್ತೊಮ್ಮೆ ಹೋದಾಗ ವರ್ಗವಾಗಿ ಹೋಗಿದ್ದರು. ಹೊಸಬರು, "ವೃದ್ಧಾಶ್ರಮಕ್ಕೆ ಮಾರ್ಫಿನ್ ಎಂತಕ್ಕೆ? ಅಲ್ಲಿ ಮುದುಕರು ಇರುದಲ್ವಾ?" ಎಂದು ಕೇಳಿದರಂತೆ. ಈ ಮಾತನ್ನು ಹಿಲ್ಡಾ ಅಡುಗೆಮನೆಯಲ್ಲಿ ಎಲ್ಲರಿಗೂ ಹೇಳಿ ನಗಲು ನೋಡಿದಳು. ನಗು ಬರಲಿಲ್ಲ.

ನುಂಗಲಾಗದ ದಿನ ಬಂದೇಬಂತು. ಗಾಡಿಯಲ್ಲಿ ಮತ್ತೆ ಒಯ್ಯುವ ಸ್ಥಿತಿಯಲ್ಲಿ ಟೀಚರ್ ಇರಲಿಲ್ಲ. ಬೇಡವೆಂದು ಅವರೇ ಕೈ ಆಡಿಸಿದರು. ಹಿಲ್ಡಾ ಮಾತ್ರೆ ಪುಡಿ ಮಾಡಿ, ಹನಿ ನೀರಿನಲ್ಲಿ ಕಲಸಿ, ಬೆರಳಿನಿಂದ ಕೆನ್ನೆಯ ಒಳಗೆ ಸವರಿದಳು. ಅರ್ಧ ಒಳಗೆ ಹೋಯಿತು, ಅರ್ಧ ತುಟಿಯಂಚಿನಿಂದ ಜಾರಿತು. ಆಗ ಅವಳು ನನ್ನನ್ನು ಬೀರಿನಿಂದ ತೆಗೆದು ಟೀಚರ ದಿಂಬಿನ ಪಕ್ಕ ಇಟ್ಟಳು. ಯಾಕೆ ಇಟ್ಟಳೋ. ಬಹುಶಃ ಸಿಟ್ಟಿಗೆ. ಹೊಸ ಬ್ಯಾಟರಿಯಿತ್ತು, ನಳಿಗೆಯಿತ್ತು, ಸೂಜಿಯಿತ್ತು. ನಾನು ಯಾವ ಗಳಿಗೆಗಾಗಿ ಹುಟ್ಟಿದ್ದೆನೋ ಆ ಗಳಿಗೆ ಅದೇ. ಒಂದು ಮೊಳ ದೂರದಲ್ಲಿ ಟೀಚರ್ ಹಲ್ಲು ಕಚ್ಚಿಕೊಳ್ಳುತ್ತಿದ್ದರು. ರತ್ನಾಕರ ಬಾಗಿಲಲ್ಲಿ ನಿಂತು, ಒಳಗೆ ಬರಲಾಗದೆ, ಹೋಗಲೂ ಆಗದೆ, ಚೌಕಟ್ಟು ಹಿಡಿದುಕೊಂಡಿದ್ದರು. ನಾನು ಸುಮ್ಮನೆ ಬಿದ್ದಿದ್ದೆ. ಬೇರೆ ಯಾವಾಗಲೂ ನಾನು ಅಷ್ಟು ಭಾರವಾಗಿರಲಿಲ್ಲ.

ಟೀಚರ್ ಹೋದರು.

ಶ್ರದ್ಧಾಂಜಲಿ ಸಭೆ ನನ್ನ ಬೀರು ಇದ್ದ ಹಜಾರದಲ್ಲೇ ನಡೆಯಿತು. ಹಳೆಯ ಆಟಗಾರ್ತಿಯರು ಬಂದಿದ್ದರು, ನಡುವಯಸ್ಸಿನ ಹೆಂಗಸರು. ಟ್ರಸ್ಟಿನ ಅಧ್ಯಕ್ಷರು ಮೈಕ್ ಹಿಡಿದು, "ಗುಲಾಬಿ ಟೀಚರ್ ನಮ್ಮ ಆಶ್ರಮದಲ್ಲಿ ಯಾವ ತೊಂದರೆಯೂ ಇಲ್ಲದೆ ಶಾಂತವಾಗಿ ಕಣ್ಣು ಮುಚ್ಚಿದರು" ಎಂದರು.

ಹಿಲ್ಡಾ ಎದ್ದು ನಿಂತಳು. "ಇಲ್ಲ ಸರ್. ಶಾಂತವಾಗಿ ಹೋಗ್ಲಿಲ್ಲ."

"ಸಿಸ್ಟರ್, ಈಗ ಆ ಮಾತು ಬೇಡ..."

"ಈಗಲ್ಲದೆ ಯಾವಾಗ? ನೋವಿನಲ್ಲಿ ಹೋದ್ರು. ಮದ್ದು ಉಂಟು, ಕೊಡ್ಲಿಕ್ಕೆ ಗೊತ್ತುಂಟು, ಮೆಷಿನ್ ಅಲ್ಲೇ ಉಂಟು. ಆದ್ರೂ ನೋವಿನಲ್ಲಿ ಹೋದ್ರು."

ಅಧ್ಯಕ್ಷರು ರತ್ನಾಕರರ ಕಡೆ ನೋಡಿದರು, ಅವಳನ್ನು ಕೂರಿಸಿ ಎನ್ನುವ ಹಾಗೆ. ರತ್ನಾಕರ ಎದ್ದರು. "ಸಿಸ್ಟರ್ ಹೇಳಿದ್ದು ಹೌದು ಸರ್. ನಾನು ಬಾಗಿಲಲ್ಲೇ ಇದ್ದೆ. ಹೆದರಿ ತಡ ಮಾಡಿದ್ದು ನಾವು." ಆ ಆಟಗಾರ್ತಿಯರಲ್ಲಿ ಒಬ್ಬಳು ಅಲ್ಲೇ ಜೋರಾಗಿ ಅತ್ತಳು.

ಅಂದಿನಿಂದ ಕಚೇರಿಗೆ ಅಲೆಯುವಾಗ ಹಿಲ್ಡಾಳ ಜೊತೆ ರತ್ನಾಕರರೂ ಹೋದರು. ಕೆಲವೊಮ್ಮೆ ಟೀಚರ ಶಿಷ್ಯೆಯರೂ ಹೋಗಿ ಬೆಂಚು ತುಂಬಿಸಿದರು. ಆದರೂ ಒಂದು ಮಳೆಗಾಲ ಕಳೆದು ಇನ್ನೊಂದು ಬರುವವರೆಗೆ ಮಾನ್ಯತೆ ಸಿಗಲಿಲ್ಲ. ಸಿಕ್ಕಾಗ ಹಿಲ್ಡಾ ಓಡಿಬಂದು ನನ್ನನ್ನು ಪರೀಕ್ಷಿಸಿದಳು. ಕರಾವಳಿಯ ಉಪ್ಪುಗಾಳಿ ನನ್ನ ಒಳಗೆ ತುಕ್ಕು ಹಿಡಿಸಿತ್ತು. ಒಮ್ಮೆ ಹೆಚ್ಚು ಒತ್ತುತ್ತಿದ್ದೆ, ಒಮ್ಮೆ ಕಡಿಮೆ. ರಿಪೇರಿಗೆ ಬಿಡಿಭಾಗವಿಲ್ಲ, ನನ್ನ ಮಾದರಿಯನ್ನೇ ಮಾಡುವುದು ನಿಲ್ಲಿಸಿದ್ದಾರೆ. ಅವಳು ನನ್ನನ್ನು ಕೈಯಲ್ಲಿ ಹಿಡಿದುಕೊಂಡಳು. "ನಿನ್ನನ್ನು ಸುಮ್ಮನೆ ಕೊಳೆಸಿದೆವಲ್ಲ" ಎಂದಳು. ಹೊಸ ಪಂಪು ಬಂತು. ನಾನು ಮತ್ತೆ ಬೀರು ಸೇರಿದೆ.

ಈಗ ಈ ಮನೆಯಲ್ಲಿ ಚೀರಾಟವಿಲ್ಲ. ಹೊಸ ಪಂಪು ತನ್ನ ಕೆಲಸ ಮಾಡುತ್ತದೆ. ನನಗೆ ಅದರ ಮೇಲೆ ಹೊಟ್ಟೆಕಿಚ್ಚಿಲ್ಲ. ನನ್ನ ಸಂಕಟ ಬೇರೆ. ಒಂದು ದೇಶದಲ್ಲಿ ಮದ್ದಿದ್ದೂ ಮಾತಾಡುವವರಿರಲಿಲ್ಲ, ಇನ್ನೊಂದರಲ್ಲಿ ಮಾತಾಡಿ ಗಂಟಲೊಣಗಿದರೂ ಮದ್ದಿರಲಿಲ್ಲ. ಎರಡು ಕಡೆಯೂ ನಾನು ಕಪಾಟಿನಲ್ಲಿದ್ದೆ.

ಮೊನ್ನೆ ಮಧ್ಯಾಹ್ನ ರತ್ನಾಕರ ಫೋನ್ ಹಿಡಿದು ಬಂದರು. "ಸಿಸ್ಟರ್, ಕಾಪುವಿನ ಹತ್ತಿರದ ಆಶ್ರಮದವರು. ಅಲ್ಲಿ ಒಬ್ರು ತುಂಬಾ ನರಳ್ತಾ ಇದ್ದಾರಂತೆ. ನಮ್ಮ ಮಾರ್ಫಿನ್ ಸ್ವಲ್ಪ ಕೊಡ್ಲಿಕ್ಕೆ ಆಗ್ತದಾ ಅಂತ ಕೇಳ್ತಾರೆ."

"ಆಗುದಿಲ್ಲ. ಮಾನ್ಯತೆ ನಮ್ಮ ಒಂದು ಮನೆಗೆ ಮಾತ್ರ." ಹಿಲ್ಡಾ ಕಣ್ಣು ಮುಚ್ಚಿ ಗೋಡೆಗೆ ಒರಗಿದಳು. ಅವಳ ಕೂದಲು ಅರ್ಧ ನೆರೆತಿದೆ. "ಅವರು ಮೊದಲಿನಿಂದ ಶುರು ಮಾಡ್ಬೇಕು. ನಾವು ಮಾಡಿದ್ದನ್ನೇ."

"ಹಾಗಾದ್ರೆ ಆಗುದಿಲ್ಲ ಅಂತ ಹೇಳ್ಲಾ?"

"ನರಳ್ತಾ ಇರುದು ಯಾರು? ಹೆಸರೆಂತ?"

"ಕೇಳ್ಲಿಲ್ಲ ಸಿಸ್ಟರ್."

"ಕೇಳಿ ಮಾರಾಯ್ರೆ. ಮೊದಲು ಹೆಸರು ಕೇಳಿ. ನಾನು ಗಾಡಿ ತೆಗೀತೇನೆ, ಪೇಟೆಯ ಆಸ್ಪತ್ರೆಗೆ ಕರ್ಕೊಂಡು ಹೋಗುವ."

ರತ್ನಾಕರ ಫೋನನ್ನು ಕಿವಿಗೆ ಹಿಡಿದು ಹೆಸರು ಕೇಳಿದರು. ಹೊರಗೆ ಗಾಡಿ ಕೆಮ್ಮಿ, ಕೆಮ್ಮಿ, ಕೊನೆಗೆ ಶುರುವಾಯಿತು.