ಲೀಟರಿಗೆ ಐದು

ಮೂವತ್ತು ವರ್ಷ ತಾವೇ ಓಡಿಸಿದ ಬಸ್ಸನ್ನು ನಮ್ಮ ಯಜಮಾನರು ನಿವೃತ್ತರಾದ ಮೇಲೆ ಹರಾಜಿನಲ್ಲಿ ಹಿಡಿದು ತಂದರು. ಸೀಟು ಕಿತ್ತು, ಹಾಸಿಗೆ, ಒಲೆ, ಸಿಂಕು ಕೂರಿಸಿ ಮನೆ ಮಾಡಿದರು. ಕಡಲು ನೋಡಬೇಕೆಂಬುದು ಮದುವೆಯಾದಾಗಿನಿಂದ ನನ್ನ ಆಸೆ. ಆದರೆ ಪಿಂಚಣಿಯಲ್ಲಿ ಅಷ್ಟು ದೂರ ಹೋಗಿಬರಬೇಕಲ್ಲ! ಹಾಗಾಗಿ ನಮ್ಮಿಬ್ಬರಲ್ಲಿ ಕರಾರಾಯಿತು: ಲೀಟರಿಗೆ ಐದು ಕಿಲೋಮೀಟರ್ ಕೊಟ್ಟರೆ ಕಡಲಿಗೆ, ಇಲ್ಲವಾದರೆ ಬಸ್ಸು ಗುಜರಿಗೆ.

ಇವರೊಬ್ಬರೇ ಪಕ್ಕದೂರಿಗೆ ಹೋಗಿಬಂದು ಲೆಕ್ಕ ಹಾಕಿದರು. ಮೂರೂವರೆ. ಏರ್ ಫಿಲ್ಟರ್ ಬದಲಾಯಿಸಿದರು, ಇಂಜೆಕ್ಟರ್ ತೊಳೆಸಿದರು, ಟೈರಿಗೆ ಗಾಳಿ ತುಂಬಿಸಿದರು. ಮತ್ತೆ ಮೂರೂವರೆಯೇ.

"ಹಳೇ ಡೀಸೆಲ್ ಎಂಜಿನ್ನು, ವಯಸ್ಸಾಯ್ತು ಕಣೆ. ಮೇಲೆ ನಿನ್ನ ಪಾತ್ರೆಗಳ ಭಾರ ಬೇರೆ," ಅಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ನಾಲ್ಕು ಪಾತ್ರೆ ಬಸ್ಸಿಗೆ ಭಾರವಂತೆ! "ನಾಳೆ ನಾನೂ ಬರ್ತೀನಿ. ಡೀಸೆಲ್ ಯಾರು ಕುಡೀತಿದಾರೋ ನೋಡೇಬಿಡ್ತೀನಿ," ಎಂದೆ.

ಮರುದಿನ ಹಿಂದಿನ ಹಾಸಿಗೆಯ ಮೇಲೆ ಕಾಲು ಚಾಚಿ ಕೂತೆ. ಸ್ವಲ್ಪ ದೂರ ಹೋಗಿ ಬಸ್ಸು ನಿಂತಿತು. ಬಾಗಿಲು ತೆರೆಯಿತು, ಮುಚ್ಚಿತು, ಬಸ್ಸು ಹೊರಟಿತು. ಮುಂದೆ ಮತ್ತೆ ಅದೇ ಕತೆ. ಮೂರನೇ ಸಲ ಒಬ್ಬಳು ಅಜ್ಜಿ ಹತ್ತಿಬಂದು, ನನ್ನ ಕಾಲು ಸರಿಸಿ ಹಾಸಿಗೆಯಲ್ಲಿ ಕೂತು, "ಮಾರ್ಕೆಟ್ಟಿಗೆ ಒಂದು ಟಿಕೆಟ್ ಕೊಡಮ್ಮಾ," ಎಂದಳು.

"ರೀ! ಯಾಕ್ರೀ ನಿಲ್ಸಿದ್ರಿ?"

"ನಿಲ್ಸಿದ್ನಾ?" ಕನ್ನಡಿಯಲ್ಲಿ ಅಜ್ಜಿಯನ್ನು ಕಂಡು ಇವರು ಕಣ್ಣು ಕಣ್ಣು ಬಿಟ್ಟರು.

ಕಿಟಕಿಯಿಂದ ಇಣುಕಿದೆ. ಬಸ್ ಸ್ಟಾಪು! ದಾರಿಯಲ್ಲಿದ್ದ ಒಂದೊಂದು ಸ್ಟಾಪಿನಲ್ಲೂ ಈ ಮಹಾರಾಯರ ಕಾಲು ತಾನಾಗಿಯೇ ಬ್ರೇಕ್ ಒತ್ತುತ್ತಿತ್ತು. ಅಷ್ಟು ದೊಡ್ಡ ಬಸ್ಸು ಪ್ರತಿ ಸಲವೂ ಮೊದಲ ಗೇರಿನಿಂದ ಏಳಬೇಕೆಂದರೆ ಡೀಸೆಲ್ ಕುಡಿಯದೆ ಇನ್ನೇನು ಮಾಡೀತು? ಪಾಪ, ಎಂಜಿನ್ನು ಸುಮ್ಮನೆ ಬೈಸಿಕೊಂಡಿತ್ತು.

"ಕಂಡಕ್ಟರ್ ರೈಟ್ ಅನ್ನದೇ ಹೋದ್ರೆ ಕಾಲು ಮಾತು ಕೇಳಲ್ಲ ಕಣೆ," ಎಂದು ತಲೆ ಕೆರೆದುಕೊಂಡರು.

ಅಜ್ಜಿಯನ್ನು ಮಾರ್ಕೆಟ್ಟಿನಲ್ಲಿ ಇಳಿಸಿ ನಾನೇ ಬಾಗಿಲ ಬಳಿ ನಿಂತೆ. ಸ್ಟಾಪು ಕಂಡಾಗಲೆಲ್ಲ ಗಂಟಲು ಹರಿಯುವಂತೆ "ರೈಟ್! ರೈಟ್!" ಎಂದು ಕೂಗಿದೆ. ಬಸ್ಸು ಎಲ್ಲೂ ನಿಲ್ಲಲಿಲ್ಲ. ಮಾರನೆಯ ದಿನವೂ ಹೀಗೇ ಕೂಗಿಕೊಂಡು ಹೋಗಿಬಂದು ಅಳೆದರೆ ಐದೂಕಾಲು!

ಕೂಗುತ್ತ ಕೂಗುತ್ತಲೇ ಕಡಲು ತಲುಪಿದೆವು. ರಸ್ತೆ ಮುಗಿದು ಮರಳು ಶುರುವಾದಲ್ಲಿ ನನ್ನ ಕಣ್ಣು ತುಂಬಿಬಂತು. ಇವರು ಮಾತ್ರ ನೀರಿನತ್ತ ತಿರುಗಿಯೂ ನೋಡದೆ ಬಸ್ಸನ್ನು ರಿವರ್ಸ್ ತೆಗೆದು, ಊರಿನ ಕಡೆ ಮುಖ ಮಾಡಿ ನಿಲ್ಲಿಸಿ, ಎಂಜಿನ್ ಆರಿಸದೆ ಕೂತರು. ಮೂವತ್ತು ವರ್ಷ ಕೊನೆಯ ಸ್ಟಾಪಿನಲ್ಲಿ ಮಾಡಿದ್ದೇ ಅದು. ತಲುಪಿದ ಒಂದು ಊರನ್ನಾದರೂ ಇಳಿದು ನೋಡಿದವರಲ್ಲ. ಅಯ್ಯೋ ಅನಿಸಿತು.

ಎಂಜಿನ್ ಆರಿಸುವ ಗುಂಡಿಯನ್ನು ನಾನೇ ಎಳೆದೆ. "ಇಳೀರಿ."

ಹಿಂದೆಮುಂದೆ ನೋಡುತ್ತ ಇಳಿದರು. ಅಲೆಯೊಂದು ಬಂದು ಅವರ ಚಪ್ಪಲಿ ಒದ್ದೆ ಮಾಡಿತು. ಚಪ್ಪಲಿ ಕೈಗೆತ್ತಿಕೊಂಡು ಇನ್ನೊಂದು ಹೆಜ್ಜೆ ನೀರಿಗಿಟ್ಟರು.

"ಬಸ್ಸು ಇಲ್ಲಿ ಎಷ್ಟೊತ್ತು ನಿಲ್ಲುತ್ತೆ?" ಎಂದು ಮೆಲ್ಲಗೆ ಕೇಳಿದರು.

"ನಾನು ರೈಟ್ ಅನ್ನೋವರೆಗೂ," ಎಂದೆ.