ಹರಕು ಸೀರೆಯ ಸಾಲು

ಹರಕು ಸೀರೆ ಉಟ್ಟು ಸಂಘದ ಕಟ್ಟೆಯ ಮುಂದೆ ಸಾಲಾಗಿ ನಿಂತ ನಮ್ಮ ಚಿತ್ರ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಹೊಟ್ಟೆಗಿಲ್ಲದ ಕಾಲದಲ್ಲೂ ನಾವು ಅಷ್ಟು ಹರಿದದ್ದನ್ನು ಉಟ್ಟವರಲ್ಲ.

ನಾವು ಜೊಂಡುಹುಲ್ಲಿನ ಚಾಪೆ ನೆಯ್ಯುವ ಹೆಂಗಸರು. ಮೊದಲೆಲ್ಲ ದಲ್ಲಾಳಿ ಎಸೆದಷ್ಟಕ್ಕೆ ಕೈಯೊಡ್ಡುತ್ತಿದ್ದೆವು. ಸಂಘ ಕಟ್ಟಿ, ನೆಯ್ದವರಿಗೆ ನ್ಯಾಯವಾದ ಬೆಲೆ ಕೊಟ್ಟು ಪರದೇಶಕ್ಕೆ ಮಾಲು ಕಳಿಸುವ ಕಂಪನಿಯೊಂದನ್ನು ಹುಡುಕಿಕೊಂಡು ಬಂದವಳು ಸಾವಂತ್ರವ್ವ. ಆಮೇಲೆ ನಮ್ಮ ಮನೆಗಳಿಗೆ ಹೆಂಚು ಬಂತು, ಹಬ್ಬಕ್ಕೆ ಹೊಸ ಸೀರೆ ಬಂತು. ಅವಳೇ ನಮ್ಮ ತಾಯಿ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆವು.

ಕಂಪನಿಯ ಮೇಡಂ ನಮ್ಮನ್ನು ನೋಡಲು ಬರುವ ದಿನ, ಸಾವಂತ್ರವ್ವ ಅವರನ್ನು ಕರೆತರಲು ಬಸ್‌ಸ್ಟ್ಯಾಂಡಿಗೆ ಹೋದಳು. ಅವಳು ಅತ್ತ ಹೋದದ್ದೇ ತಡ, ನಮ್ಮಲ್ಲೇ ಬಾಯಿ ಜೋರಿನ ಕಲ್ಲವ್ವ ಶುರುಮಾಡಿದಳು.

“ಹಿಂಗ ಝಗಝಗ ಸೀರಿ ಉಟ್ಕೊಂಡು ನಿಂತ್ರ, ಇವರಿಗೇನ್ ಕಮ್ಮಿ ಆಗೇತಿ ಅಂತ ಮಾಲು ತಗೊಳ್ಳೂದ ಬಿಡ್ತಾರ. ಅತ್ತ ಕೂಸಿಗೇ ಹಾಲು ಸಿಗೂದು, ತಿಳ್ಕೋರಿ!”

ನಗುತ್ತಲೇ ಎಲ್ಲರೂ ಮನೆಗೆ ಓಡಿದೆವು. ನಾನಂತೂ ನೆಲ ಒರೆಸಲು ಇಟ್ಟಿದ್ದ ಸೀರೆಯನ್ನೇ ಉಟ್ಟು ಬಂದೆ.

ಮೇಡಂ ಬಂದವರೇ ನಮ್ಮ ಹರಕು ಸಾಲನ್ನು ತುದಿಯಿಂದ ತುದಿಯವರೆಗೆ ನೋಡಿದರು. ಬಳಿಕ ಸಾವಂತ್ರವ್ವನ ಇಸ್ತ್ರಿ ಮಾಡಿದ ಸೀರೆ ನೋಡಿದರು. ಅವರ ಹುಬ್ಬು ಗಂಟಿಕ್ಕಿತು.

“ನಾವು ಕೊಡೋ ದುಡ್ಡು ಇವರ ಕೈ ಸೇರ್ತಿಲ್ಲ ಅಂತ ಕಾಣುತ್ತೆ. ಹಾಗಿದ್ರೆ ನಿಮಗೂ ದಲ್ಲಾಳಿಗೂ ಏನಮ್ಮ ವ್ಯತ್ಯಾಸ?”

ಸಾವಂತ್ರವ್ವ ನಮ್ಮತ್ತ ತಿರುಗಿದಳು. “ಹೇಳ್ರವ್ವಾ,” ಎಂದಳು.

ನಿಜ ಹೇಳಿದರೆ ನಾವು ಸುಳ್ಳುಬುರುಕರು, ಸುಮ್ಮನಿದ್ದರೆ ಅವಳು ಕಳ್ಳಿ. ನಾವು ಸುಮ್ಮನಿದ್ದೆವು. ಕಲ್ಲವ್ವ ಕೂಡ ಕಾಲಬೆರಳಿಂದ ನೆಲ ಕೆರೆಯುತ್ತ ನಿಂತಳು. ನನ್ನ ನಾಲಿಗೆ ಅಂದು ಬಿದ್ದುಹೋಗಿತ್ತೇ ಎಂದು ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಸಾವಂತ್ರವ್ವ ಮೇಡಂ ಕಡೆಗೆ ತಿರುಗಿದಳು. ಆಮೇಲೆ ತಾನೇ ಹೇಳಿದಳು: “ರೊಕ್ಕ ಅವರಿಗೆ ಮುಟ್ಟೇತ್ರಿ. ಬೇಕಾದ್ರ ಮನಿ ಹೊಕ್ಕು ನೋಡ್ರಿ. ಹರಕ ಉಟ್ಕೊಂಡು ಬರ್ರಿ ಅಂತ ನಾನೇ ಹೇಳಿದ್ದೆ. ತಪ್ಪು ನಂದು, ಅವರದಲ್ಲ.”

ಮೇಡಂ ಮನೆಗಳನ್ನು ನೋಡಿದರು, ನಂಬಿದರು. ಕೆಲಸ ನಮ್ಮ ಕೈಯಲ್ಲೇ ಉಳಿಯಿತು. ಆದರೆ ಇಂಥ ನಾಟಕ ಆಡಿಸುವವರು ಸಂಘದ ಮುಂದಾಳಾಗಿರುವುದು ಬೇಡ ಎಂದರು. ಸಾವಂತ್ರವ್ವ ಸೊಂಟದಲ್ಲಿದ್ದ ಸಂಘದ ಬೀಗದ ಕೈ ತೆಗೆದು ಕಟ್ಟೆಯ ಮೇಲಿಟ್ಟಳು. ಆಗಲೂ ನಾವು ತಲೆ ಎತ್ತಲಿಲ್ಲ.

ಮರುದಿನ ಅವಳು ಎಂದಿನಂತೆ ನೆಯ್ಯಲು ಬಂದಳು. ಒಂದು ಚಾಪೆಗೆ ಇಬ್ಬರು ಬೇಕು. ಒಬ್ಬರು ಹುಲ್ಲು ತೂರಿಸಬೇಕು, ಇನ್ನೊಬ್ಬರು ಹಲಗೆಯಿಂದ ಬಡಿದು ಬಿಗಿಮಾಡಬೇಕು. ಅವಳು ಹಲಗೆ ಹಿಡಿದು ಕೂತಳು. ಹುಲ್ಲು ತೂರಿಸಲು ಅವಳ ಹತ್ತಿರ ಹೋಗಿ ಕೂರುವ ಮುಖ ನಮ್ಮಲ್ಲಿ ಯಾರಿಗೂ ಇರಲಿಲ್ಲ.