ಜಗುಲಿಯ ದೀಪ, ಗೂಡಿನ ರೇಡಿಯೋ

ಸಂಜೆ ಆರೂವರೆಗೆ ಧಾರವಾಡ ಆಕಾಶವಾಣಿಯಲ್ಲಿ ಜಕ್ಕಲಿಯ ತಿಪ್ಪವ್ವನ ಬೀಸುವ ಪದ ಬರುವುದಿತ್ತು. ಬರುವುದು ಒಂದೇ ಸಲ. ಕಲ್ಲು ತಿರುಗದೆ ಪದ ಬಾಯಿಗೆ ಬಾರದೆಂದು, ರೆಕಾರ್ಡಿಂಗಿಗೆ ಬಂದವರ ಮುಂದೆ ಜೋಳ ಬೀಸುತ್ತಲೇ ಹಾಡಿದ್ದಳು. ಗಂಡ ಅರ್ಜುನಪ್ಪ ಅಂದು ಹೊಲದಲ್ಲಿದ್ದ.

ಆರು ಗಂಟೆಗೆ ಗೋಡೆಯ ಗೂಡಿನಲ್ಲಿದ್ದ ರೇಡಿಯೋ ಹಚ್ಚಿದರೆ ಒಳಗೆ ಯಾರೋ ಜೇನುಹುಟ್ಟಿಗೆ ಕಲ್ಲು ಹೊಡೆದಂತಿತ್ತು. ಅರ್ಜುನಪ್ಪ ಅದರ ತಲೆಗೆ ಎರಡು ಸಲ ತಟ್ಟಿದ. ಅವನಿಗೆ ಗೊತ್ತಿದ್ದ ರಿಪೇರಿ ಅಷ್ಟೇ. ತಿಪ್ಪವ್ವ ನರೇಗಲ್ಲಿನ ರೇಡಿಯೋ ರಿಪೇರಿಯವನಾದ ಸಲಾವುದ್ದೀನನಿಗೆ ಫೋನು ಮಾಡಿದಳು. ಸದ್ದು ಹೇಗಿದೆ ಎಂದು ಅವನು ಕೇಳಿದ್ದಕ್ಕೆ, ಹೇಳಲು ಬಾರದೆ ಬಾಯಲ್ಲೇ ಮಾಡಿ ತೋರಿಸಿದಳು: "ಜೀಂ... ಜೀಂ..."

"ರೇಡಿಯೋಕ್ಕ ಏನೂ ಆಗಿಲ್ರಿ ತಿಪ್ಪಕ್ಕಾ," ಎಂದ ಅವನು. "ಮನ್ಯಾಗ ಹೊಸಾದು ಏನೋ ಹಚ್ಚೀರಿ. ಒಂದೊಂದ ಬಂದ್ ಮಾಡಕೋತ ಹೋಗ್ರಿ."

ಮೊಬೈಲ್ ಚಾರ್ಜರ್ ಕಿತ್ತರು, ಟಿವಿ ಆರಿಸಿದರು, ಪಡಸಾಲೆಯ ಬಲ್ಬನ್ನೂ ಆರಿಸಿದರು. ಜೀಂ ನಿಲ್ಲಲಿಲ್ಲ. ಉಳಿದದ್ದು ದೇವರ ಜಗುಲಿಯ ಎಲ್‌ಇಡಿ ದೀಪ. ಅರ್ಜುನಪ್ಪ ರೇಡಿಯೋವನ್ನು ಅದರ ಹತ್ತಿರ ಹಿಡಿದ. ಸದ್ದು ಹುಯಿಲಾಯಿತು.

ತಿಪ್ಪವ್ವನ ಮುಖ ಇಳಿಯಿತು. ದಸರೆಯ ಘಟ್ಟ ಹಾಕಿ, ಎಂದರೆ ದೇವಿಯ ಕಲಶ ಕೂರಿಸಿ, ಅಂದಿಗೆ ಐದನೆಯ ದಿನ. ಒಂಬತ್ತು ದಿನ ಜಗುಲಿಯ ದೀಪ ಆರಕೂಡದು. ಹೋದ ವರ್ಷ ಬೆಕ್ಕು ಹಣತೆ ಉರುಳಿಸಿತ್ತು. ಆಮೇಲೆ ಮನೆಯಲ್ಲಿ ಯಾರಿಗೆ ನೆಗಡಿಯಾದರೂ ಅದೇ ಕಾರಣವೆಂದಿದ್ದಳು. ಅದಕ್ಕೇ ಈ ಸಲ ಕರೆಂಟು ಹೋದರೂ ಆರದ ಅಗ್ಗದ ದೀಪವನ್ನು ರೋಣದಿಂದ ತಂದು ಇಟ್ಟಿದ್ದಳು. ರೇಡಿಯೋ ಹೊರಗೆ ಒಯ್ಯೋಣವೆಂದರೆ, ಸೆಲ್ಲು ಹಾಕುವ ಜಾಗ ತುಕ್ಕು ಹಿಡಿದು ಅದು ವೈರಿನ ಮೇಲೆಯೇ ನಡೆಯುತ್ತಿತ್ತು.

ಪದ ಹೋದರೆ ಹೋಗಲಿ ಎಂದು ಆಕೆ ಕೂತಳು. ಆರು ಇಪ್ಪತ್ತೈದಕ್ಕೆ ಎದ್ದಳು. ಬೆಕ್ಕನ್ನು ಹಿತ್ತಲಿಗೆ ಅಟ್ಟಿ ಅಗಳಿ ಹಾಕಿದಳು. ಹಣತೆಗೆ ಎಣ್ಣೆ ಹೊಯ್ದು ಬತ್ತಿ ಹಚ್ಚಿ, ಜ್ಯೋತಿ ನೆಟ್ಟಗೆ ನಿಲ್ಲುವವರೆಗೂ ನೋಡಿದಳು.

"ಈಗ ಅದನ್ನ ತಗೀರಿ."

ಅರ್ಜುನಪ್ಪ ದೀಪದ ವೈರು ಕಿತ್ತು, ಗುಂಡಿ ಒತ್ತಿ ಅದನ್ನು ಆರಿಸಿದ. "ಜ್ಯೋತಿ ಆರಲಿಲ್ಲ ನೋಡು, ಮನಿ ಬದಲ ಮಾಡ್ತು."

ರೇಡಿಯೋ ತಿಳಿಯಾಯಿತು. ಆಕಾಶವಾಣಿಯವರು ತಿಪ್ಪವ್ವನ ಹೆಸರು ಹೇಳಿದರು. ಮರುಗಳಿಗೆಯೇ ಘರ್ರ್ ಘರ್ರ್ ಎಂದು ಸದ್ದೆದ್ದಿತು. ಅರ್ಜುನಪ್ಪ ಹೌಹಾರಿ, ಇನ್ನೇನು ಕೀಳಲು ಉಳಿದಿದೆ ಎಂದು ಗೋಡೆ ತಡಕಾಡಿದ.

ತಿಪ್ಪವ್ವ ಕಣ್ಣು ಮುಚ್ಚಿಯೇ ಅವನ ಕೈ ಹಿಡಿದಳು.

"ಸುಮ್ಮ ಕುಂದರ್ರಿ. ಅದು ನನ್ನ ಬೀಸೂಕಲ್ಲು."